ಹೊಗೆ ಹೋದದ್ದು ಎಲ್ಲಿಗೆ?

ನಮ್ಮ ತರ್ಕಶಾಸ್ತ್ರವನ್ನು ಕಲಿಯತೊಡಗುವವನಿಗೆ ಮೊಟ್ಟಮೊದಲು ಹೇಳಿಕೊಡುವ ಅನುಮಾನ ಹೊಗೆ-ಬೆಂಕಿಗಳದು. ದೂರದ ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ; ಹೊಗೆಯಿದ್ದ ಕಡೆಯೆಲ್ಲ ಬೆಂಕಿಯಿರುವುದನ್ನು ಅಡಿಗೆಮನೆಯಲ್ಲಿ ನಿತ್ಯವೂ ಕಂಡಿದ್ದೇವೆ; ಆದಕಾರಣ ಆ ಬೆಟ್ಟದ ಮೇಲೂ ಬೆಂಕಿಯಿರಬೇಕು. ಇಲ್ಲಿ ಹೊಗೆ ಬರಿಯ ಸಾಕ್ಷಿ. ಸಾಕ್ಷಿ ನುಡಿದಾದ ಮೇಲೆ ಅದು ಎಲ್ಲಿಗೆ ಹೋಯಿತೆಂದು ಶಾಸ್ತ್ರಕಾರರು ವಿಚಾರಿಸಲಿಲ್ಲ. ವಿಚಾರಿಸುವ ಅಗತ್ಯವೂ ಅವರಿಗಿರಲಿಲ್ಲ. ಒಂದು ಒಲೆಯ ಹೊಗೆಗೆ ಆಕಾಶ ಧಾರಾಳವಾಗಿ ಸಾಕು. ಆದರೆ ಒಂದೇ ಊರಿನಲ್ಲಿ ಹತ್ತು ಲಕ್ಷ ಒಲೆಗಳು ಒಟ್ಟಿಗೆ ಉರಿಯತೊಡಗಿದರೆ, ‘ಹೊಗೆ ಹೋದದ್ದು ಎಲ್ಲಿಗೆ?’ ಎಂಬ ಪ್ರಶ್ನೆ ಏಳದೆ ಇರದು. ಆ ಪ್ರಶ್ನೆಯನ್ನು ಏಳು ಶತಮಾನಗಳ ಕಾಲ ಮುಂದೂಡುತ್ತ ಬಂದ ನಗರ ಲಂಡನ್ನು. ಅದರ ಕಥೆ ನಮಗೂ ಬೇಕಾದದ್ದು.

ಕಥೆ ಒಂದು ಶಬ್ದದಿಂದ ಮೊದಲಾಗುತ್ತದೆ. ಸುಟ್ಟ ಮರ ನಮಗೆ ಇದ್ದಲು. ನೆಲವನ್ನು ಅಗೆದು ತೆಗೆದ ಕಪ್ಪು ಕಲ್ಲೂ ಅದರಂತೆಯೇ ಉರಿಯುವುದನ್ನು ಕಂಡು ಅದನ್ನು ಕಲ್ಲಿದ್ದಲೆಂದು ಕರೆದೆವು. ಇಂಗ್ಲಿಷರೂ ಇದೇ ಜಾಡನ್ನು ಹಿಡಿದವರೇ. ಅವರಲ್ಲಿಯೂ ‘ಕೋಲ್’ ಎಂದರೆ ಮೊದಲು ಕೆಂಡ, ಮರದ ಇದ್ದಲು. ಉತ್ತರದ ನ್ಯೂಕಾಸಲ್ಲಿನಿಂದ ಹಡಗಿನಲ್ಲಿ ಬಂದಿಳಿದ ಕರಿಯ ಕಲ್ಲನ್ನು ಅವರು ‘ಸೀ ಕೋಲ್’, ಎಂದರೆ ಕಡಲಿನ ಇದ್ದಲು, ಎಂದರು. ಲಂಡನ್ನಿನ ಒಂದು ಓಣಿಗೆ ೧೨೨೮ರ ಹೊತ್ತಿಗಾಗಲೇ ಈ ಕಡಲಿದ್ದಲಿನ ಹೆಸರು ಅಂಟಿಕೊಂಡಿತ್ತು. ಹೆಸರಿಟ್ಟವರು, ಅಲ್ಲಾಗಲಿ ಇಲ್ಲಾಗಲಿ, ಹೊಸ ವಸ್ತುವನ್ನು ಹಳೆಯದರ ತಮ್ಮನೆಂದು ಭಾವಿಸಿದರು. ಅಣ್ಣತಮ್ಮಂದಿರ ಸ್ವಭಾವ ಮಾತ್ರ ಬೇರೆ ಬೇರೆ. ಮರದ ಇದ್ದಲು ಒಮ್ಮೆ ಬೆಂದು, ತನ್ನ ಹೊಗೆಯನ್ನೆಲ್ಲ ಕಳೆದುಕೊಂಡು ಬಂದದ್ದು. ಕಲ್ಲಿದ್ದಲಾದರೋ ಸುಮಾರು ಮೂವತ್ತು ಕೋಟಿ ವರ್ಷಗಳ ಹಿಂದಿನ ಜೌಗುಕಾಡುಗಳು ಮಣ್ಣಿನಡಿ ಸಿಕ್ಕಿ ಹಿಂಡಿಹೋದ ವಸ್ತು. ಇಂಗಾಲದ ಜತೆಗೆ ಟಾರು, ಗಂಧಕ, ಬೂದಿ ಎಲ್ಲವನ್ನೂ ಅದು ತನ್ನೊಡಲಿನಲ್ಲಿಟ್ಟುಕೊಂಡಿದೆ. ತೆರೆದ ಒಲೆಯ ಮಂದವಾದ ಉರಿಯಲ್ಲಿ ಟಾರು ಪೂರ್ತಿಯಾಗಿ ಉರಿಯದೆ ಮಸಿಯಾಗಿ ಮೇಲೇಳುತ್ತದೆ. ಗಂಧಕ ಉರಿದು ಕಣ್ಣು ಗಂಟಲುಗಳನ್ನು ಕೆರೆಯುವ ಅನಿಲವಾಗುತ್ತದೆ.

ಈ ವ್ಯತ್ಯಾಸವನ್ನು ಮೊದಲು ಮೂಗಿನಿಂದ ಅರಿತವರಲ್ಲಿ ಒಬ್ಬಳು ರಾಣಿ. ಮೂರನೆಯ ಹೆನ್ರಿಯ ಪತ್ನಿ ಎಲಿನಾರ್ ೧೨೫೭ರಲ್ಲಿ ನಾಟಿಂಗ್‌ಹ್ಯಾಮಿನಲ್ಲಿ ತಂಗಿದ್ದಾಗ ಕಡಲಿದ್ದಲಿನ ಹೊಗೆಯನ್ನು ತಾಳಲಾರದೆ ಊರನ್ನೇ ಬಿಟ್ಟು ಹೊರಟಳೆಂದು ಆ ಕಾಲದ ಬರಹ ಹೇಳುತ್ತದೆ. ರಾಣಿಗೆ ಹೋಗಲು ಇನ್ನೊಂದು ಕೋಟೆಯಿತ್ತು, ಪ್ರಜೆಗಳಿಗೆ ಇರಲಿಲ್ಲ. ಲಂಡನ್ನಿನ ಸುಣ್ಣದ ಗೂಡುಗಳಿಂದ ಗಾಳಿ ಕೆಡುತ್ತಿದೆಯೆಂಬ ದೂರು ಬಲವಾಗಿ, ೧೨೮೫ರಲ್ಲಿ ವಿಚಾರಣೆಗೆ ಅಧಿಕಾರಿಗಳು ನೇಮಕವಾದರು. ೧೩೦೭ರಲ್ಲಿ ಒಂದನೆಯ ಎಡ್ವರ್ಡ್ ದೊರೆ, ಸುಣ್ಣ ಸುಡುವವರು ಕಡಲಿದ್ದಲನ್ನು ಬಿಟ್ಟು ಮೊದಲಿನಂತೆ ಸೌದೆ ಇದ್ದಲುಗಳನ್ನೇ ಬಳಸತಕ್ಕದ್ದೆಂದು ಡಂಗುರ ಹೊಯ್ಸಿದ. ಡಂಗುರದ ಸದ್ದು ಅಡಗಿತು, ಹೊಗೆ ಅಡಗಲಿಲ್ಲ. ಕಾರಣ ಸರಳ: ಕಡಲಿದ್ದಲು ಅಗ್ಗ, ಸೌದೆ ತುಟ್ಟಿ. ಬಡವನ ಒಲೆಗೆ ಏನು ಹಾಕಬೇಕೆಂಬುದನ್ನು ಅರಮನೆಯ ಆಜ್ಞೆಗಿಂತ ಅಂಗಡಿಯ ಬೆಲೆಯೇ ಹೆಚ್ಚು ಗಟ್ಟಿಯಾಗಿ ನಿರ್ಣಯಿಸುತ್ತದೆ.

ಹದಿನಾರನೆಯ ಶತಮಾನದಲ್ಲಿ ಊರು ಬೆಳೆಯಿತು, ಸುತ್ತಣ ಕಾಡು ಕರಗಿತು. ಸೌದೆಯ ಬೆಲೆ ಏರಿದಂತೆಲ್ಲ ಮನೆಮನೆಯಲ್ಲೂ ಹೊಗೆಗೂಡು ಎದ್ದಿತು. ಮರದ ಹೊಗೆಯನ್ನು ಮಾಡಿನ ಸಂದಿಯಿಂದ ಬಿಟ್ಟು ಬದುಕಿದ್ದ ಜನಕ್ಕೆ ಕಲ್ಲಿದ್ದಲಿನ ಹೊಗೆಯನ್ನು ಮನೆಯೊಳಗೆ ಇಟ್ಟುಕೊಂಡು ಬಾಳಲು ಆಗಲಿಲ್ಲ. ಮನೆಯೊಳಗಿನ ಗಾಳಿ ಹಸನಾಯಿತು; ಹೊರಗಿನದು ಕೆಟ್ಟಿತು. ಈ ಒಂದು ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆಯೆಲ್ಲ ಸುಲಭವಾಗುತ್ತದೆ. ಹೊಗೆಯನ್ನು ಇಲ್ಲವಾಗಿಸುವುದಕ್ಕೆ ಬದಲು ಅದನ್ನು ಇನ್ನೊಂದು ಕಡೆಗೆ ಕಳಿಸುವ ವಿದ್ಯೆಯಲ್ಲಿ ಮನುಷ್ಯ ಅಂದಿನಿಂದ ಒಂದೊಂದೇ ಮೆಟ್ಟಿಲು ಏರುತ್ತ ಬಂದಿದ್ದಾನೆ.

೧೬೬೧ರಲ್ಲಿ ಜಾನ್ ಎವೆಲಿನ್ ಎಂಬ ವಿದ್ವಾಂಸ ‘ಫ್ಯೂಮಿಫ್ಯೂಜಿಯಂ’ ಎಂಬ ಸಣ್ಣ ಹೊತ್ತಗೆಯನ್ನು ಬರೆದು ಎರಡನೆಯ ಚಾರ್ಲ್ಸ್ ದೊರೆಗೆ ಅರ್ಪಿಸಿದ. ಹೊಗೆಯನ್ನೇ ವಿಷಯವಾಗಿಟ್ಟುಕೊಂಡು ಆತ ದೊರೆಗೆ ಮಾಡಿದ ಬಿನ್ನಹ ಅದು. ಅರಮನೆಯೊಳಕ್ಕೂ ಹೊಗೆ ನುಗ್ಗುತ್ತಿದೆ. ಬಟ್ಟೆ, ಪಾತ್ರೆ, ಚಿತ್ರಪಟ ಎಲ್ಲವೂ ಮಸಿಯಾಗುತ್ತಿವೆ. ಜನ ಕೆಮ್ಮಿ ಕೆಮ್ಮಿ ಸಾಯುತ್ತಿದ್ದಾರೆ ಎಂದು ಅವನ ದೂರು. ಅವನ ದೃಷ್ಟಿಯಲ್ಲಿ ಅಪರಾಧಿಗಳು ಯಾರು? ಮದ್ಯ ಕಾಸುವವರು, ಬಣ್ಣಗಾರರು, ಸುಣ್ಣ ಸುಡುವವರು, ಸಾಬೂನು ಬೇಯಿಸುವವರು. ಇವರ ಕಸುಬುಗಳನ್ನೆಲ್ಲ ಥೇಮ್ಸ್ ನದಿಯುದ್ದಕ್ಕೂ ಕೆಳಗೆ ಐದಾರು ಮೈಲಿ ದೂರ ಸಾಗಿಸಬೇಕು, ನಗರದ ಸುತ್ತ ಸುಗಂಧದ ಗಿಡಗಳ ತೋಟಗಳನ್ನು ಬೆಳೆಸಬೇಕು ಎಂದು ಅವನ ಸಲಹೆ. ದೊರೆ ಮೆಚ್ಚಿದ, ಮಸೂದೆಯ ಕರಡೂ ಸಿದ್ಧವಾಯಿತಂತೆ, ಕೆಲಸ ಅಲ್ಲಿಗೇ ನಿಂತಿತು.

ಎವೆಲಿನ್ ಮನೆಗಳ ಒಲೆಯ ಮೇಲೆ ಅಷ್ಟಾಗಿ ಕೈಮಾಡಲಿಲ್ಲವೆಂಬುದು ಗಮನಿಸಬೇಕಾದ ಸಂಗತಿ. ಕಾರ್ಖಾನೆಯವನು ಮನೆಯವನ ಕಡೆಗೂ ಮನೆಯವನು ಕಾರ್ಖಾನೆಯವನ ಕಡೆಗೂ ಬೆರಳು ತೋರಿಸುವ ಆಟ ಅಲ್ಲಿಂದ ಮುಂದೆ ಮುನ್ನೂರು ವರ್ಷ ನಡೆಯಿತು. ಇದ್ದಲು ಮಸಿಗೆ ಬುದ್ಧಿ ಹೇಳಿತೆಂಬ ಗಾದೆಗೆ ಇದಕ್ಕಿಂತ ತಕ್ಕ ನಿದರ್ಶನ ಸಿಕ್ಕುವುದು ಕಷ್ಟ. ಅದರ ಮರುವರ್ಷವೇ, ೧೬೬೨ರಲ್ಲಿ, ಜಾನ್ ಗ್ರಾಂಟ್ ಎಂಬ ವರ್ತಕ ಲಂಡನ್ನಿನ ಮರಣಪಟ್ಟಿಗಳನ್ನು ಲೆಕ್ಕಹಾಕಿ ಒಂದು ಪುಸ್ತಕ ಪ್ರಕಟಿಸಿದ. ಜನಸಂಖ್ಯಾಶಾಸ್ತ್ರಕ್ಕೆ ತಳಹದಿಯೆನಿಸಿದ ಆ ಗ್ರಂಥದಲ್ಲಿ, ಲಂಡನ್ನು ಮೊದಲಿಗಿಂತ ಅನಾರೋಗ್ಯದ ಊರಾಗಿರುವುದಕ್ಕೆ ಮುಖ್ಯ ಕಾರಣ ಕಡಲಿದ್ದಲೇ ಇರಬೇಕೆಂಬ ಊಹೆ ಕಾಣುತ್ತದೆ. ಅರಮನೆಯ ವಿದ್ವಾಂಸ ಮೂಗಿನಿಂದ ಕಂಡದ್ದನ್ನು ಅಂಗಡಿಯ ವರ್ತಕ ಅಂಕೆಯಿಂದ ಕಂಡ. ಇಬ್ಬರ ಮಾತೂ ಗಾಳಿಯ ಪಾಲಾಯಿತು.

೧೬೬೬ರ ಮಹಾ ಅಗ್ನಿಯಲ್ಲಿ ಸೇಂಟ್ ಪಾಲ್ ದೇವಾಲಯ ಸುಟ್ಟುಹೋಯಿತು. ಅದನ್ನು ಹೊಸದಾಗಿ ಕಟ್ಟಲು ಹಣವೆಲ್ಲಿಂದ? ಲಂಡನ್ನಿಗೆ ಬರುವ ಕಲ್ಲಿದ್ದಲಿನ ಮೇಲೆ ಸುಂಕ ಹಾಕಿದರು. ಕ್ರಿಸ್ಟೊಫರ್ ರೆನ್ನನ ಆ ಭವ್ಯವಾದ ಗುಮ್ಮಟ ಕಲ್ಲಿದ್ದಲಿನ ದುಡ್ಡಿನಿಂದ ಎದ್ದು, ಕಲ್ಲಿದ್ದಲಿನ ಹೊಗೆಯಿಂದಲೇ ಕರ್ರಗಾಯಿತು. ಸುಂಕ ಬಂದಷ್ಟೂ ಸರ್ಕಾರಕ್ಕೆ ಹೊಗೆಯ ಮೇಲಿನ ಕೋಪ ಕಡಿಮೆಯಾಗುವುದು ಸಹಜವಷ್ಟೆ.

ಹದಿನೆಂಟನೆಯ ಶತಮಾನ ಉಗಿಯಂತ್ರದ್ದು. ೧೭೧೨ರಲ್ಲಿ ನ್ಯೂಕೊಮೆನ್ನನ ಯಂತ್ರ ಗಣಿಯ ನೀರನ್ನು ಮೇಲೆತ್ತತೊಡಗಿತು. ೧೭೬೯ರಲ್ಲಿ ಜೇಮ್ಸ್ ವಾಟ್ ತನ್ನ ಸುಧಾರಣೆಗೆ ಹಕ್ಕುಪತ್ರ ಪಡೆದ. ಕಲ್ಲಿದ್ದಲು ಅಗೆಯಲು ಯಂತ್ರ, ಯಂತ್ರ ನಡೆಸಲು ಕಲ್ಲಿದ್ದಲು: ಒಂದು ಮತ್ತೊಂದನ್ನು ಬೆಳೆಸಿತು. ಇದರಿಂದ ಇಂಗ್ಲೆಂಡು ಸಿರಿವಂತವಾದ ಕಥೆ ಎಲ್ಲರಿಗೂ ಗೊತ್ತು. ಅದೇ ಕಥೆಯ ಇನ್ನೊಂದು ಮಗ್ಗುಲನ್ನು ನೋಡಬೇಕಾದರೆ ಹೊಗೆಗೂಡಿನೊಳಕ್ಕೆ ಇಳಿಯಬೇಕು. ಕೊಳವೆಯೊಳಗೆ ಕಟ್ಟಿದ ಮಸಿಯನ್ನು ಕೆರೆದು ತೆಗೆಯಲು ದೊಡ್ಡವರು ಹಿಡಿಸುವುದಿಲ್ಲ. ಅದಕ್ಕೆ ಬಡವರ ಎಳೆಯ ಹುಡುಗರನ್ನು ಹತ್ತಿಸುತ್ತಿದ್ದರು. ಆ ಹುಡುಗರು ಬೆಳೆದು ದೊಡ್ಡವರಾದಾಗ ಅವರಲ್ಲಿ ವೃಷಣಚೀಲದ ಕ್ಯಾನ್ಸರು ಹೆಚ್ಚಾಗಿ ಕಾಣಿಸಿಕೊಳ್ಳುವುದನ್ನೂ ಅದಕ್ಕೆ ಮಸಿಯೇ ಕಾರಣವೆಂಬುದನ್ನೂ ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯ ೧೭೭೫ರಲ್ಲಿ ಬರೆದಿಟ್ಟ. ಕಸುಬಿನಿಂದ ಕ್ಯಾನ್ಸರು ಬರುತ್ತದೆಂದು ವೈದ್ಯಶಾಸ್ತ್ರ ತಿಳಿದದ್ದು ಹೀಗೆ. ಮಕ್ಕಳನ್ನು ಹೊಗೆಗೂಡಿಗೆ ಹತ್ತಿಸುವ ಪದ್ಧತಿ ನಿಜವಾಗಿ ನಿಂತದ್ದು ೧೮೭೫ರ ಕಾನೂನಿನಿಂದ. ನಡುವೆ ಕಳೆದದ್ದು ಪೂರಾ ನೂರು ವರ್ಷ. ಆ ನೂರು ವರ್ಷದಲ್ಲಿ ಕಾನೂನುಗಳು ಇರಲಿಲ್ಲವೆಂದಲ್ಲ, ಅವನ್ನು ಪಾಲಿಸುವವರು ಇರಲಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಹೊಗೆಯ ಮೇಲೆ ಪಾರ್ಲಿಮೆಂಟು ಶಾಸನಗಳನ್ನು ಮಾಡಿದ್ದು ಒಂದೆರಡು ಸಲವಲ್ಲ. ೧೮೨೧ರಲ್ಲಿ ಒಂದು, ೧೮೫೩ರಲ್ಲಿ ಲಂಡನ್ನಿಗಾಗಿಯೇ ಇನ್ನೊಂದು, ೧೮೭೫ರಲ್ಲಿ, ೧೮೯೧ರಲ್ಲಿ ಮತ್ತೆ ಮತ್ತೆ. ಇವುಗಳಲ್ಲಿ ಎರಡು ಕಿಂಡಿಗಳನ್ನು ತಪ್ಪದೆ ಬಿಟ್ಟಿರುತ್ತಿದ್ದರು. ಮೊದಲನೆಯದು ‘ಸಾಧ್ಯವಾದಷ್ಟು ಮಟ್ಟಿಗೆ’ ಎಂಬ ಮಾತು. ಕುಲುಮೆಯವನು ತನ್ನ ಹೊಗೆಯನ್ನು ಸಾಧ್ಯವಾದಷ್ಟು ಮಟ್ಟಿಗೆ ಸುಟ್ಟುಹಾಕತಕ್ಕದ್ದು. ಎಷ್ಟು ಸಾಧ್ಯವೆಂದು ಹೇಳುವವನು ಯಾರು? ಪ್ರಾಯಶಃ ಕುಲುಮೆಯವನೇ. ಕಾನೂನು ‘ಕರಿಯ ಹೊಗೆ’ಯನ್ನು ನಿಷೇಧಿಸಿದಾಗ, ತಮ್ಮದು ಕರಿಯದಲ್ಲ, ಕಂದು ಬಣ್ಣದ್ದು ಎಂದು ನ್ಯಾಯಾಲಯದಲ್ಲಿ ವಾದಿಸಿದವರೂ ಉಂಟು. ಎರಡನೆಯ ಕಿಂಡಿ ಮನೆಯ ಒಲೆ. ಇಂಗ್ಲಿಷರಿಗೆ ಅಗ್ಗಿಷ್ಟಿಕೆಯೆಂದರೆ ನಮ್ಮ ನಡುಮನೆಯ ದೀಪವಿದ್ದಂತೆ. ಅದರ ಸುತ್ತಲೇ ಸಂಸಾರ. ಆ ಬೆಂಕಿಯ ಮೇಲೆ ಕೈಯಿಡಲು ಯಾವ ಮಂತ್ರಿಗೂ ಧೈರ್ಯವಿರಲಿಲ್ಲ. ಅದೂ ಅಲ್ಲದೆ, ಹೊಗೆಯಾಡುವ ಚಿಮಣಿ ಎಂದರೆ ಕೆಲಸವುಂಟು, ಕೂಲಿಯುಂಟು, ಮನೆಯಲ್ಲಿ ಅನ್ನವುಂಟು ಎಂಬ ಅರ್ಥವೂ ಇತ್ತು. ಚಿಮಣಿ ಹೊಗೆಯಾಡದ ದಿನ ಹಸಿವಿನ ದಿನ. ಈ ಭಾವನೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಹೊಸ ರೋಗಕ್ಕೆ ಹೊಸ ಶಬ್ದಗಳು ಬೇಕಾದವು. ಮ್ಯಾಂಚೆಸ್ಟರಿನ ಮಳೆನೀರನ್ನು ಪರೀಕ್ಷಿಸಿದ ರಾಬರ್ಟ್ ಆಂಗಸ್ ಸ್ಮಿತ್ ಎಂಬ ರಸಾಯನಶಾಸ್ತ್ರಜ್ಞ ೧೮೭೨ರ ತನ್ನ ಗ್ರಂಥದಲ್ಲಿ ‘ಆಮ್ಲಮಳೆ’ ಎಂಬ ಮಾತನ್ನು ಬಳಸಿದ. ೧೯೦೫ರಲ್ಲಿ ಡಾಕ್ಟರ್ ಡೆ ವ್ಹೋ ಎಂಬಾತ ಹೊಗೆ (ಸ್ಮೋಕ್) ಮತ್ತು ಮಂಜು (ಫಾಗ್) ಎರಡನ್ನೂ ಬೆಸೆದು ‘ಸ್ಮಾಗ್’ ಎಂಬ ಶಬ್ದವನ್ನು ಟಂಕಿಸಿದ. ನಾವು ಅದನ್ನೇ ‘ಹೊಂಜು’ ಎನ್ನುತ್ತೇವೆ. ಹೆಸರು ಸಿಕ್ಕಿತು, ಮದ್ದು ಸಿಕ್ಕಲಿಲ್ಲ.

ಇಷ್ಟರಲ್ಲಿ ವಿದ್ಯುಚ್ಛಕ್ತಿ ಬಂದಿತ್ತು. ೧೮೮೨ರ ಜನವರಿಯಲ್ಲಿ ಎಡಿಸನ್ನನ ಸಂಸ್ಥೆ ಲಂಡನ್ನಿನ ಹೋಬರ್ನ್ ವಯಡಕ್ಟಿನಲ್ಲಿ ಒಂದು ವಿದ್ಯುದಾಗಾರವನ್ನು ತೆರೆಯಿತು. ಕಲ್ಲಿದ್ದಲು ಉರಿಸಿ ನೀರು ಕಾಯಿಸಿ, ಉಗಿಯಿಂದ ಯಂತ್ರ ತಿರುಗಿಸಿ, ಸಾರ್ವಜನಿಕರಿಗೆ ವಿದ್ಯುತ್ತು ಹಂಚಿದ ಕೇಂದ್ರಗಳಲ್ಲಿ ಪ್ರಪಂಚದಲ್ಲೇ ಇದು ಮೊದಲನೆಯದು. ನ್ಯೂಯಾರ್ಕಿನ ಕೇಂದ್ರ ಪ್ರಾರಂಭವಾದದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಎರಡು ವರ್ಷಗಳ ಅನಂತರ ಚಾರ್ಲ್ಸ್ ಪಾರ್ಸನ್ಸ್ ಉಗಿಯ ಟರ್ಬೈನನ್ನು ನಿರ್ಮಿಸಿದ. ಕಲ್ಲಿದ್ದಲಿನ ಸ್ಥಾವರಗಳಲ್ಲಿ ಇಂದಿಗೂ ತಿರುಗುತ್ತಿರುವುದು ಅದರ ಸಂತತಿಯೇ. ಹೊಸ ದೀಪ ಎಷ್ಟು ನಿರ್ಮಲ! ಗುಂಡಿ ಒತ್ತಿದರೆ ಬೆಳಕು. ಮಸಿಯಿಲ್ಲ, ಎಣ್ಣೆಯಿಲ್ಲ, ವಾಸನೆಯಿಲ್ಲ. ಆದರೆ ಬೆಂಕಿ ಆರಿರಲಿಲ್ಲ. ಮನೆಯಿಂದ ಬೀದಿಯ ಕೊನೆಗೆ ಹೋಗಿತ್ತು, ಅಷ್ಟೆ. ತರ್ಕಶಾಸ್ತ್ರದ ಹುಡುಗ ಈ ದೀಪವನ್ನು ನೋಡಿದರೆ, ಹೊಗೆಯಿಲ್ಲವಾದ್ದರಿಂದ ಬೆಂಕಿಯೂ ಇಲ್ಲವೆಂದು ತಪ್ಪು ನಿರ್ಣಯಕ್ಕೆ ಬರುತ್ತಿದ್ದ. ನಾವೆಲ್ಲರೂ ಬಂದಿರುವುದು ಆ ನಿರ್ಣಯಕ್ಕೇ.

ಲಂಡನ್ನಿನ ನಡುವೆ ಬ್ಯಾಟರ್‌ಸೀ ಎಂಬಲ್ಲಿ ಭಾರಿ ವಿದ್ಯುದಾಗಾರವನ್ನು ಕಟ್ಟಲು ೧೯೨೯ರಲ್ಲಿ ಕೈಹಾಕಿದಾಗ ದೊಡ್ಡ ಪ್ರತಿಭಟನೆಯೇ ಎದ್ದಿತು. ಅರಮನೆ, ಉದ್ಯಾನಗಳು, ಚಿತ್ರಶಾಲೆ ಎಲ್ಲವೂ ಹತ್ತಿರದಲ್ಲಿದ್ದವಲ್ಲ! ಅದರ ಫಲವಾಗಿ, ಚಿಮಣಿಯ ಅನಿಲವನ್ನು ಥೇಮ್ಸ್ ನೀರು ಮತ್ತು ಸೀಮೆಸುಣ್ಣಗಳಿಂದ ತೊಳೆದು ಗಂಧಕವನ್ನು ಕಳೆಯುವ ಏರ್ಪಾಡು ಮಾಡಿದರು. ೧೯೩೩ರಿಂದ ಅಲ್ಲಿ ವಿದ್ಯುತ್ತು ಹರಿಯಿತು. ಗಂಧಕವನ್ನು ತೆಗೆಯುವುದು ಮನುಷ್ಯನಿಗೆ ಸಾಧ್ಯವೆಂಬುದು ಇದರಿಂದ ಸಿದ್ಧವಾಯಿತು. ತೊಳೆದ ಕೊಳೆನೀರು ಹೋದದ್ದು ಮಾತ್ರ ಥೇಮ್ಸ್ ನದಿಗೇ.

ಇನ್ನು ೧೯೫೨ಕ್ಕೆ ಬರೋಣ. ಯುದ್ಧ ಗೆದ್ದು ಏಳು ವರ್ಷವಾಗಿದ್ದರೂ ಇಂಗ್ಲೆಂಡಿನಲ್ಲಿ ಕಲ್ಲಿದ್ದಲು ಪಡಿತರದಲ್ಲೇ ಇತ್ತು. ಸಾಲದ ಹೊರೆ ಇಳಿಸಲು ಒಳ್ಳೆಯ ಕಲ್ಲಿದ್ದಲನ್ನು ಹೊರದೇಶಕ್ಕೆ ಕಳಿಸುತ್ತಿದ್ದರು. ಪಡಿತರದ ಹಂಗಿಲ್ಲದೆ ಜನಕ್ಕೆ ಸಿಗುತ್ತಿದ್ದದ್ದು ‘ನಟಿ ಸ್ಲ್ಯಾಕ್’ ಎಂಬ ಪುಡಿಯೂ ಸಣ್ಣ ತುಂಡೂ ಬೆರೆತ ಕೀಳು ಸರಕು. ಆ ಡಿಸೆಂಬರಿನ ಮೊದಲ ವಾರದಲ್ಲಿ ವಿಪರೀತ ಚಳಿ. ಐದನೆಯ ತಾರೀಖು, ಶುಕ್ರವಾರ, ಗಾಳಿ ನಿಂತಿತು. ಸಾಮಾನ್ಯವಾಗಿ ನೆಲದ ಬಳಿ ಬೆಚ್ಚಗೆ, ಮೇಲೆ ಹೋದಂತೆ ತಣ್ಣಗೆ. ಬಿಸಿಯ ಹೊಗೆ ಮೇಲೇರಿ ಚದರುತ್ತದೆ. ಅಂದು ಅದು ತಲೆಕೆಳಗಾಗಿ, ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕುಳಿತಿತು. ಲಕ್ಷೋಪಲಕ್ಷ ಹೊಗೆಗೂಡುಗಳು ಆ ಮುಚ್ಚಳದ ಕೆಳಗೆ ಉಗುಳುತ್ತಲೇ ಇದ್ದವು. ಚಳಿ ಹೆಚ್ಚಿದಷ್ಟೂ ಜನ ಒಲೆಗೆ ಇನ್ನಷ್ಟು ಹಾಕಿದರು; ಬೇರೆ ಏನು ತಾನೇ ಮಾಡಿಯಾರು? ಬ್ರಿಟಿಷ್ ಹವಾಮಾನ ಇಲಾಖೆಯ ಲೆಕ್ಕದಂತೆ ಆ ದಿನಗಳಲ್ಲಿ ದಿನವೊಂದಕ್ಕೆ ೧,೦೦೦ ಟನ್ ಹೊಗೆಯ ಕಣಗಳೂ ೩೭೦ ಟನ್ ಗಂಧಕದ ಡೈ ಆಕ್ಸೈಡೂ ಹೊರಬಿದ್ದವು. ಆ ಗಂಧಕ ಮಂಜಿನ ಹನಿಗಳಲ್ಲಿ ಬೆರೆತು ೮೦೦ ಟನ್ ಗಂಧಕಾಮ್ಲವಾಯಿತು. ಐದು ದಿವಸ ಲಂಡನ್ನು ಉಸಿರಾಡಿದ್ದು ಇದನ್ನು.

ಬಸ್ಸುಗಳ ಮುಂದೆ ಕಂಡಕ್ಟರು ದೀಪ ಹಿಡಿದು ನಡೆಯಬೇಕಾಯಿತು. ಆಮೇಲೆ ಬಸ್ಸುಗಳೇ ನಿಂತವು. ಸ್ಯಾಡ್ಲರ್ಸ್ ವೆಲ್ಸ್ ರಂಗಮಂದಿರದಲ್ಲಿ ಸಭಿಕರಿಗೆ ರಂಗವೇ ಕಾಣದಂತಾಗಿ ಗೀತನಾಟಕವನ್ನು ನಡುವೆಯೇ ನಿಲ್ಲಿಸಿದರು. ಅರ್ಲ್ಸ್ ಕೋರ್ಟಿನ ಜಾನುವಾರು ಪ್ರದರ್ಶನಕ್ಕೆ ತಂದಿದ್ದ ದನಗಳು ಉಸಿರುಕಟ್ಟಿ ಸತ್ತವು. ಪತ್ರಿಕೆಗಳು ಮೊದಲು ದನಗಳ ಸುದ್ದಿಯನ್ನೇ ಬರೆದವು. ಮನುಷ್ಯರು ಸಾಯುತ್ತಿದ್ದದ್ದು ಸುದ್ದಿಯಾಗಲಿಲ್ಲ. ಏಕೆಂದರೆ ಅವರು ಬೀದಿಯಲ್ಲಿ ಬಿದ್ದು ಸಾಯಲಿಲ್ಲ. ಮುದುಕರು, ಹಸುಗೂಸುಗಳು, ಮೊದಲೇ ಎದೆಯ ರೋಗವಿದ್ದವರು ತಂತಮ್ಮ ಮನೆಗಳಲ್ಲಿ, ಹಾಸಿಗೆಗಳಲ್ಲಿ, ಒಬ್ಬೊಬ್ಬರಾಗಿ ಸದ್ದಿಲ್ಲದೆ ಸತ್ತರು. ಶವಪೆಟ್ಟಿಗೆಗಳು ಸಾಲದೆ ಬಂದಾಗ, ಹೂವಿನ ಅಂಗಡಿಗಳಲ್ಲಿ ಹೂವು ಮುಗಿದಾಗ, ಏನೋ ಆಗಿದೆಯೆಂದು ಊರಿಗೆ ತಿಳಿಯಿತು. ಒಂಬತ್ತನೆಯ ತಾರೀಖು ಗಾಳಿ ಬೀಸಿ ಮಂಜು ಹರಿಯಿತು. ಸಾಮಾನ್ಯ ವರ್ಷಗಳಿಗಿಂತ ಹೆಚ್ಚಾಗಿ ಸತ್ತವರು ಸುಮಾರು ೪,೦೦೦ ಎಂದು ಆಗಿನ ಲೆಕ್ಕ. ಅನಂತರದ ತಿಂಗಳುಗಳಲ್ಲಿಯೂ ಸಾವಿನ ಸಂಖ್ಯೆ ಇಳಿಯಲಿಲ್ಲ. ಆ ಸಾವುಗಳನ್ನು ಸರ್ಕಾರ ಇನ್‌ಫ್ಲುಯೆಂಜಾದ ಖಾತೆಗೆ ಬರೆಯಿತು. ೨೦೦೧ರಲ್ಲಿ ಪ್ರಕಟವಾದ ಮರುಪರಿಶೀಲನೆ, ಆ ಖಾತೆ ಸರಿಯಲ್ಲ, ಒಟ್ಟು ಸತ್ತವರು ಸುಮಾರು ೧೨,೦೦೦ ಎಂದು ತೋರಿಸಿತು. ಹೊಗೆಯನ್ನು ಕಣ್ಣಾರೆ ಕಂಡೂ ಬೆಂಕಿಯನ್ನು ಒಪ್ಪದಿರಲು ಎಂಥ ಪಾಂಡಿತ್ಯ ಬೇಕು!

ಸರ್ಕಾರಕ್ಕೆ ಈ ಗೊಡವೆ ಬೇಕಿರಲಿಲ್ಲ. ವಸತಿ ಮಂತ್ರಿ ಹೆರಾಲ್ಡ್ ಮ್ಯಾಕ್‌ಮಿಲನ್ ೧೯೫೩ರಲ್ಲಿ ಸಂಪುಟಕ್ಕೆ ಬರೆದ ಟಿಪ್ಪಣಿಯ ಸಾರಾಂಶ ಇದು: ಹೆಚ್ಚೇನೂ ಮಾಡಲಾಗದಿದ್ದರೂ ಬಹಳ ಕೆಲಸ ಮಾಡುತ್ತಿರುವವರಂತೆ ಕಾಣಬಹುದು, ಅದಕ್ಕಾಗಿ ಒಂದು ಸಮಿತಿಯನ್ನು ನೇಮಿಸೋಣ. ಸಮಿತಿಗಳ ಇತಿಹಾಸದಲ್ಲಿ ಇದೊಂದು ವಿಚಿತ್ರ. ನೆಪಕ್ಕಾಗಿ ಹುಟ್ಟಿದ ಸಮಿತಿ ನಿಜವಾಗಿಯೂ ಕೆಲಸ ಮಾಡಿತು. ಅದರ ಅಧ್ಯಕ್ಷ ಸರ್ ಹ್ಯೂ ಬೀವರ್, ಎಂಜಿನಿಯರ್. ಗಿನ್ನೆಸ್ ಮದ್ಯತಯಾರಿಕೆಯ ಸಂಸ್ಥೆಯ ಮುಖ್ಯಸ್ಥ. ಮುನ್ನೂರು ವರ್ಷಗಳ ಹಿಂದೆ ಎವೆಲಿನ್ ಊರಾಚೆ ಕಳಿಸಬೇಕೆಂದಿದ್ದ ಕಸುಬಿನವನೇ ಊರಿನ ಗಾಳಿಗೆ ವೈದ್ಯನಾದ! ೧೯೫೪ರ ವರದಿಯಲ್ಲಿ ಸಮಿತಿ ಹೇಳಿದ್ದು ಮುಖ್ಯವಾಗಿ ಎರಡು ಮಾತು. ಹೊಗೆಯಿಂದ ದೇಶಕ್ಕೆ ವರ್ಷಕ್ಕೆ ೨೫ ಕೋಟಿ ಪೌಂಡಿನಷ್ಟು ನಷ್ಟವಾಗುತ್ತಿದೆ. ಬಳಕೆಯಾಗುವ ಕಲ್ಲಿದ್ದಲಿನಲ್ಲಿ ಐದರಲ್ಲೊಂದು ಪಾಲಿನಷ್ಟನ್ನು ಮಾತ್ರ ಉರಿಸುವ ಮನೆಯ ಒಲೆಗಳು ಹೊಗೆಯಲ್ಲಿ ಅರ್ಧದಷ್ಟನ್ನು ಬಿಡುತ್ತಿವೆ. ಏಳು ನೂರು ವರ್ಷ ಯಾರೂ ಮುಟ್ಟದಿದ್ದ ಅಗ್ಗಿಷ್ಟಿಕೆಯನ್ನು ಕೊನೆಗೂ ಹೆಸರು ಹಿಡಿದು ಕರೆದಂತಾಯಿತು.

೧೯೫೬ರ ಜುಲೈನಲ್ಲಿ ಶುದ್ಧ ವಾಯು ಶಾಸನ ಅಂಗೀಕಾರವಾಯಿತು. ಊರು ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತಾಯಿತೆಂದು ಯಾರಾದರೂ ಹೇಳಬಹುದು. ಆದರೂ ಬಾಗಿಲು ಹಾಕಿದ್ದು ದೊಡ್ಡದೇ. ಹಿಂದಿನ ಶಾಸನಗಳೆಲ್ಲ ಸೋತು ಇದು ಗೆದ್ದುದೇಕೆ? ಎಡ್ವರ್ಡ್ ದೊರೆಯ ಡಂಗುರದಲ್ಲಿ ಇಲ್ಲದ್ದೊಂದು ಇದರಲ್ಲಿತ್ತು. ಬರಿದೆ ‘ಉರಿಸಬೇಡ’ ಎನ್ನಲಿಲ್ಲ. ‘ಇದನ್ನು ಉರಿಸು, ಒಲೆ ಬದಲಿಸುವ ಖರ್ಚಿನಲ್ಲಿ ಹತ್ತರಲ್ಲಿ ಏಳು ಪಾಲು ನಾವು ಕೊಡುತ್ತೇವೆ’ ಎಂದಿತು. ಹೊಗೆರಹಿತ ವಲಯಗಳನ್ನು ಗೊತ್ತುಮಾಡಿ, ಅಲ್ಲಿ ಕೋಕು, ಅನಿಲ, ವಿದ್ಯುತ್ತುಗಳನ್ನು ಒದಗಿಸಿತು. ಬಡವನಿಗೆ ಬೆಚ್ಚಗಿರುವ ಇನ್ನೊಂದು ದಾರಿಯನ್ನು ತೋರಿಸಿತು. ೧೯೬೨ರ ಡಿಸೆಂಬರಿನಲ್ಲಿ ಮತ್ತೊಮ್ಮೆ ಮಾರಕವಾದ ಹೊಂಜು ಕವಿದು ನೂರಾರು ಜನ ಸತ್ತರೂ, ಅಂಥ ದುರಂತಗಳಲ್ಲಿ ಅದೇ ಲಂಡನ್ನಿಗೆ ಕೊನೆಯದಾಯಿತು. ಕರ್ರಗಾಗಿದ್ದ ಸೇಂಟ್ ಪಾಲಿನ ಗೋಡೆಗಳನ್ನು ತೊಳೆದಾಗ ಒಳಗಿದ್ದ ಬಿಳಿಯ ಕಲ್ಲನ್ನು ಕಂಡು ಜನ ಬೆರಗಾದರು.

ಇಲ್ಲಿಗೇ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಮನೆಯ ಬೆಂಕಿಯೊಂದಿಗೆ ದೇಶದ ಬೆಂಕಿ ಆರಲಿಲ್ಲ. ದೊಡ್ಡ ದೊಡ್ಡ ವಿದ್ಯುತ್ ಸ್ಥಾವರಗಳು ಗಣಿಗಳ ಹತ್ತಿರ, ನದಿಗಳ ದಂಡೆಯಲ್ಲಿ ಎದ್ದವು. ಹೊಗೆ ಊರ ಮೇಲೆ ಬೀಳದಿರಲೆಂದು ಚಿಮಣಿಗಳನ್ನು ಎತ್ತರಿಸಿದರು. ಯಾರ್ಕ್‌ಷೈರಿನ ಡ್ರ್ಯಾಕ್ಸ್ ಸ್ಥಾವರದ ಚಿಮಣಿ ೨೫೯ ಮೀಟರ್ ಎತ್ತರವಿದೆ. ಎತ್ತರದ ಗಾಳಿ ಗಂಧಕವನ್ನು ಸಮುದ್ರದಾಚೆಗೆ ಒಯ್ದಿತು. ಬ್ರಿಟನ್ನಿನಿಂದಲೂ ಯುರೋಪಿನ ಇತರ ಕೈಗಾರಿಕಾ ಸೀಮೆಗಳಿಂದಲೂ ಹೊರಟ ಹೊಗೆಯೇ ಸ್ವೀಡನ್, ನಾರ್ವೆಗಳ ಸರೋವರಗಳನ್ನು ಆಮ್ಲವಾಗಿಸಿ ಮೀನುಗಳನ್ನು ಕೊಲ್ಲುತ್ತಿದೆಯೆಂದು ೧೯೬೭ರಲ್ಲಿ ಸ್ವಾಂತೆ ಒಡೆನ್ ಎಂಬ ಸ್ವೀಡಿಷ್ ಮಣ್ಣುವಿಜ್ಞಾನಿ ಸಾರಿ ಹೇಳಿದ. ಮೊದಲು ಮನೆಯಿಂದ ಬೀದಿಗೆ, ಬೀದಿಯಿಂದ ಊರಾಚೆಗೆ, ಈಗ ದೇಶದಾಚೆಗೆ. ೧೯೭೯ರಲ್ಲಿ ಜಿನೀವಾದಲ್ಲಿ ಒಪ್ಪಂದವಾಗಿ, ಹತ್ತು ಹದಿನೈದು ವರ್ಷ ಎಳೆದಾಡಿದ ಮೇಲೆ ಬ್ರಿಟನ್ನಿನ ದೊಡ್ಡ ಸ್ಥಾವರಗಳಿಗೆ ಗಂಧಕ ತೊಳೆಯುವ ಯಂತ್ರಗಳು ಬಂದವು. ಬ್ಯಾಟರ್‌ಸೀಯಲ್ಲಿ ೧೯೩೩ರಲ್ಲೇ ಸಾಧ್ಯವಾಗಿದ್ದ ಕೆಲಸ ಅದು.

ಗಂಧಕವನ್ನು ತೊಳೆದರೂ ಉಳಿಯುವುದು ಇನ್ನೊಂದು. ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ, ಕೆಮ್ಮು ತರದ ಇಂಗಾಲದ ಡೈ ಆಕ್ಸೈಡ್. ಒಂದು ಟನ್ ಇಂಗಾಲ ಪೂರ್ತಿಯಾಗಿ ಉರಿದರೆ ಮೂರೂವರೆ ಟನ್ನಿಗೂ ಮಿಕ್ಕಿ ಈ ಅನಿಲ ಹುಟ್ಟುತ್ತದೆ. ಬೆಂಕಿ ಚೆನ್ನಾಗಿ ಉರಿದಷ್ಟೂ ಹೊಗೆ ಕಡಿಮೆ. ಈ ಅನಿಲ ಮಾತ್ರ ಕಡಿಮೆಯಾಗದು. ಇದು ಶಾಖವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆಂದು ೧೮೫೯ರಲ್ಲಿ ಪ್ರಯೋಗ ಮಾಡಿ ತೋರಿಸಿದವನು ಜಾನ್ ಟಿಂಡಾಲ್, ಅದೂ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ. ೧೯೩೮ರಲ್ಲಿ ಗೈ ಕ್ಯಾಲೆಂಡರ್ ಎಂಬ ಉಗಿಯಂತ್ರಗಳ ಎಂಜಿನಿಯರು ಜಗತ್ತಿನ ಉಷ್ಣಮಾನದ ದಾಖಲೆಗಳನ್ನೆಲ್ಲ ಕೈಲೆಕ್ಕದಿಂದಲೇ ಕೂಡಿಸಿ, ಮನುಷ್ಯ ಉರಿಸುವ ಇಂಧನದಿಂದ ಭೂಮಿ ಬಿಸಿಯಾಗುತ್ತಿದೆಯೆಂದು ರಾಜ ಹವಾಮಾನ ಸಂಘಕ್ಕೆ ತಿಳಿಸಿದ. ಸಭೆಯ ವಿದ್ವಾಂಸರು ನಂಬಲಿಲ್ಲ. ಕ್ಯಾಲೆಂಡರ್ ತಾನೂ ಅದನ್ನು ವಿಪತ್ತೆಂದು ಭಾವಿಸಲಿಲ್ಲ. ಚಳಿಯ ದೇಶದವನಿಗೆ ಅದು ಒಳ್ಳೆಯದಾಗಿಯೇ ಕಂಡಿತು. ಕೈಗಾರಿಕಾಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ೨೮೦ರಷ್ಟಿದ್ದ ಈ ಅನಿಲ ೧೯೫೮ರಲ್ಲಿ ೩೧೫ ಆಗಿತ್ತು. ಈಗ ೪೨೦ನ್ನು ದಾಟಿದೆ. ಹೊಗೆ ಇನ್ನು ಕಳಿಸುವುದೆಲ್ಲಿಗೆ? ಭೂಮಿಗೆ ಆಚೆಮನೆಯೆಂಬುದಿಲ್ಲ.

ಬ್ರಿಟನ್ನು ಕೊನೆಗೆ ಬೆಂಕಿಯನ್ನೇ ಆರಿಸಿತು. ೧೯೫೦ರ ದಶಕದಲ್ಲಿ ಅಲ್ಲಿನ ವಿದ್ಯುತ್ತಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಕಲ್ಲಿದ್ದಲಿನದೇ. ೨೦೧೭ರ ಏಪ್ರಿಲ್ ೨೧ರಂದು, ೧೮೮೨ರಿಂದೀಚೆಗೆ ಮೊದಲ ಸಲ, ಒಂದು ಇಡೀ ದಿವಸ ಆ ದೇಶ ಕಲ್ಲಿದ್ದಲಿನ ವಿದ್ಯುತ್ತಿಲ್ಲದೆ ನಡೆಯಿತು. ೨೦೨೪ರ ಸೆಪ್ಟೆಂಬರ್ ೩೦ರಂದು ಕಟ್ಟಕಡೆಯ ಸ್ಥಾವರ, ರ್ಯಾಟ್‌ಕ್ಲಿಫ್ ಆನ್ ಸೋರ್, ಬಾಗಿಲು ಹಾಕಿತು. ಅದು ಇರುವುದು ನಾಟಿಂಗ್‌ಹ್ಯಾಮಿಗೆ ಅನತಿದೂರದಲ್ಲಿ. ೧೨೫೭ರಲ್ಲಿ ರಾಣಿ ಎಲಿನಾರ್ ಮೂಗು ಮುಚ್ಚಿಕೊಂಡು ಹೊರಟ ಸೀಮೆಯಲ್ಲಿ. ಈ ಬೆಂಕಿಯನ್ನು ಉಣಿಸಿದವರನ್ನು ಇಲ್ಲಿ ಮರೆಯಬಾರದು. ೧೯೧೩ರಲ್ಲಿ ಬ್ರಿಟನ್ನಿನ ಗಣಿಗಳಿಂದ ೨೮ ಕೋಟಿ ಟನ್ನಿಗೂ ಹೆಚ್ಚು ಕಲ್ಲಿದ್ದಲು ಬಂದಿತು. ಅದನ್ನು ಅಗೆದವರು ಹತ್ತು ಲಕ್ಷಕ್ಕೂ ಮಿಕ್ಕಿದ ಕಾರ್ಮಿಕರು. ೧೯೬೬ರ ಅಕ್ಟೋಬರ್ ೨೧ರಂದು ವೇಲ್ಸಿನ ಅಬರ್‌ಫ್ಯಾನ್ ಎಂಬ ಹಳ್ಳಿಯಲ್ಲಿ ಗಣಿಯ ತ್ಯಾಜ್ಯದ ಗುಡ್ಡೆ ಜಾರಿ ಶಾಲೆಯ ಮೇಲೆ ಬಿದ್ದು ೧೪೪ ಜನ ಸತ್ತರು. ಅವರಲ್ಲಿ ೧೧೬ ಮಕ್ಕಳು. ೧೯೮೪-೮೫ರ ಮುಷ್ಕರ ಸೋತ ಮೇಲೆ ಗಣಿಗಳು 
ಒಂದೊಂದಾಗಿ ಮುಚ್ಚಿ, ಆ ಊರುಗಳು ಅನ್ನವಿಲ್ಲದೆ ಬಡವಾದವು. ಒಲೆ ಬದಲಿಸುವವನಿಗೆ ಹತ್ತರಲ್ಲಿ ಏಳು ಪಾಲು ಕೊಟ್ಟ ದೇಶ ಗಣಿಯವನಿಗೆ ಅಷ್ಟು ಉದಾರವಾಗಿ ನಡೆದುಕೊಳ್ಳಲಿಲ್ಲ.

ಇದು ಅವರ ಕಥೆ. ನಮ್ಮದಕ್ಕೂ ಇದಕ್ಕೂ ನಂಟಿಲ್ಲದಿಲ್ಲ. ಲಂಡನ್ನಿನ ಶಾಸನದ ಜಾಡಿನಲ್ಲೇ ೧೯೦೫ರಲ್ಲಿ ಬಂಗಾಳಕ್ಕೆ ಹೊಗೆ ಉಪದ್ರವದ ಕಾಯಿದೆ ಬಂದಿತ್ತು. ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಯಿಲ್ಲ. ನಮ್ಮ ಪುಣ್ಯಕ್ಕೆ ವಿದ್ಯುತ್ತು ನಮ್ಮಲ್ಲಿಗೆ ಮೊದಲು ನೀರಿನಿಂದಲೇ ಬಂದಿತು. ೧೯೦೨ರಲ್ಲಿ ಶಿವನಸಮುದ್ರದ ಕಾವೇರಿ ಕೋಲಾರದ ಚಿನ್ನದ ಗಣಿಗೆ ಶಕ್ತಿ ಕೊಟ್ಟಳು; ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬೆಳಕು ಕೊಟ್ಟಳು. ಮಳೆ ಕೈಕೊಟ್ಟ ವರ್ಷ ದೀಪವೂ ಕೈಕೊಡುತ್ತದೆಂದು ಕಂಡ ಮೇಲೆ, ೧೯೮೫ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲಿನ ಸ್ಥಾವರ ಹೊತ್ತಿಕೊಂಡಿತು. ಇಂದು ಭಾರತದ ವಿದ್ಯುತ್ತಿನಲ್ಲಿ ಮುಕ್ಕಾಲು ಪಾಲಿನಷ್ಟು ಕಲ್ಲಿದ್ದಲಿನದು. ಈ ಸಾಲುಗಳನ್ನು ಓದುವ ದೀಪದಲ್ಲಿಯೂ ಅದರ ಪಾಲು ಇದ್ದೀತು. ಹಳ್ಳಿಯ ಗುಡಿಸಲಿಗೆ ದೀಪ ಬಂದದ್ದು, ಪಂಪಿಗೆ ಶಕ್ತಿ ಬಂದದ್ದು ಅದರಿಂದಲೇ ಎಂಬುದನ್ನು ಮರೆತು ಅದನ್ನು ಹಳಿಯುವುದು ಸಲ್ಲದು.

ಆದರೆ ಇತಿಹಾಸ ಓದಿದವರಿಗೆ ಕೆಲವು ಮಾತುಗಳು ಕಿವಿಗೆ ಬಿದ್ದೊಡನೆ ಹಳೆಯ ಪರಿಚಯ ನೆನಪಾಗುತ್ತದೆ. ೨೦೧೫ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಲ್ಲಿದ್ದಲಿನ ಸ್ಥಾವರಗಳ ಗಂಧಕಕ್ಕೆ ಮಿತಿ ಗೊತ್ತುಮಾಡಿ ಎರಡು ವರ್ಷಗಳ ಗಡುವು ಕೊಟ್ಟಿತು. ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. ೨೦೨೫ರ ಜುಲೈನ ಅಧಿಸೂಚನೆಯಿಂದ ಬಹುಪಾಲು ಸ್ಥಾವರಗಳಿಗೆ ಆ ಮಿತಿಯಿಂದ ವಿನಾಯಿತಿ ಸಿಕ್ಕಿತು. ಅವುಗಳ ಚಿಮಣಿ ನಿಗದಿಯಾದಷ್ಟು ಎತ್ತರವಿದ್ದರೆ ಸಾಕು. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಯಂತ್ರಗಳ ವೆಚ್ಚ ಬಹಳ ಎಂಬುದು ಇದಕ್ಕೆ ಸಮರ್ಥನೆ. ಗಂಧಕ ಕಡಿಮೆಯೆಂಬುದು ದಿಟವೇ. ಬೂದಿ ಹೆಚ್ಚೆಂಬುದೂ ಅಷ್ಟೇ ದಿಟ. ‘ಸಾಧ್ಯವಾದಷ್ಟು ಮಟ್ಟಿಗೆ’ ಎಂಬ ೧೮೫೩ರ ಮಾತೂ ಎತ್ತರದ ಚಿಮಣಿಯೂ ಮತ್ತೊಮ್ಮೆ ನಮ್ಮ ಅಂಗಳದಲ್ಲಿ ಬಂದು ನಿಂತಿವೆ. ಎತ್ತರದ ಚಿಮಣಿ ಹೊಗೆಯನ್ನು ಕಳೆಯುವುದಿಲ್ಲ, ದೂರಕ್ಕೆ ಕಳಿಸುತ್ತದೆ. ಆ ದೂರದಲ್ಲಿಯೂ ಒಂದು ಊರಿದೆ; ಅಲ್ಲಿಯೂ ಉಸಿರಾಡುವವರಿದ್ದಾರೆ.